ಹಸಿರು ಬಳಿ ಸಪ್ಪಳ

ವಿಮಾನ ನಗರದ ಸಿದ್ದಾರೂಢ ಹಳೇ ಹಾಡಿನ ರೆಕಾರ್ಡು ಕೂಡಿಸಿ ಪುಸ್ತಕ ಬರೆಯುವ ಮಹಾ ಶಾಣ್ಯಾ. ಧನಕವಡಿಯ ಬಸವಣ್ಣೆವ್ವನ ಅಕ್ಕ ನೀಲಗಂಗವ್ವ ೧೯೬೬ರಲ್ಲಿ ಹಾಡಿದ್ದ ಎರಡು ರೆಕಾರ್ಡು ಅವನಿಗೆ ಸಿಕ್ಕಿದ್ದವು. ಮುಖಪುಟಕ್ಕೆ ಆಕೆಯ ಫೋಟೋ ಬೇಕೆಂದು ಬಂದ. ಇದ್ದದ್ದು ಒಂದೇ, ಅದೂ ಬಸವಣ್ಣೆವ್ವನ ಟ್ರಂಕಿನಲ್ಲಿ.

“ಹಾಡಿನ ನಡುವ ಕಿಣಿಕಿಣಿ ಅಂತದಲ್ರಿ ಅಜ್ಜಿ, ಅದು ಹಾರ್ಮೋನಿಯಂ ಪೇಟಿ ಮಾಸ್ತರರ ಹೊಸ ಪ್ರಯೋಗ. ಅದರ ಮ್ಯಾಲೆ ನಾಲ್ಕು ಪುಟ ಬರದೀನ್ರಿ.”

“ಬಳಿ ಸಪ್ಪಳಕ್ಕ ನಾಲ್ಕು ಪುಟಾ? ಅಕ್ಕಗ ಏಳು ತಿಂಗಳಾಗಿತ್ತಪಾ. ಕುಬಸದ ಕಾರ್ಯದಾಗ ತೊಡಿಸಿದ ಹಸಿರು ಬಳಿ ಅವು. ‘ತಗದಿಟ್ಟು ಹಾಡು’ ಅಂತ ಅದೇ ಮಾಸ್ತರ ಒದರಿದ. ‘ಹಡಿಯೋತನಕಾ ತಗಿಯಂಗಿಲ್ಲ, ಬೇಕಾದ್ರ ನೀವ ಹಾಡ್ರಿ’ ಅಂದ್ಲು ಅಕ್ಕ. ನಾ ಅಲ್ಲೇ ಕುಂತಿದ್ದೆ. ಆಮ್ಯಾಲ ಆಕಿನ್ನ ಹಾಡ್ಲಿಕ್ಕೆ ಕರೀಲೇ ಇಲ್ಲ.”

ಸಿದ್ದಾರೂಢ ನಕ್ಕ. “ಒಳಗಿನ ಪುಟ ಅಚ್ಚಿಗೆ ಹೋಗ್ಯಾವ್ರಿ. ಬಳಿ ಅಂತ ಬರದ್ರ ಓದೋರಿಗೆ ರುಚಿಸೂದಿಲ್ಲ.”

ಬಸವಣ್ಣೆವ್ವ ಅವನಿಗೆ ಕೊಡಲು ತೆಗೆದಿದ್ದ ಫೋಟೋ ನೋಡಿದಳು: ತುಂಬಿದ ಹೊಟ್ಟೆ, ಕೈತುಂಬ ಬಳೆ. ಸೆರಗಿನಿಂದ ಒರೆಸಿ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

“ಹಂಗಾರ ಮುಖಪುಟಕ್ಕೂ ಮಾಸ್ತರರ ಫೋಟೋನ ಹಾಕು ತಮ್ಮಾ. ಚಹಾ ಕುಡಿ, ಕಪ್ಪು-ಬಸಿ ಕಿಣಿಕಿಣಿ ಅಂದ್ರ ಅದರಾಗೂ ಅವರ ಪ್ರಯೋಗ ಕಂಡೀತು ನಿನಗ.”