ಹೊಳೆಗೆ ಎಸೆದ ಇಕ್ಕಳ

1963ರ ಜನವರಿಯಲ್ಲಿ ನಾನು ಹೊನ್ನಾವರದ ಒಂದು ಕಮ್ಮಾರಸಾಲೆಯಲ್ಲಿ ಕೆಲಸ ಕಲಿಯಲು ಸೇರಿದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಮುಂದೆ ಮೂವತ್ತೊಂದು ವರ್ಷ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಫೋರ್ಜಿಂಗ್ ವಿಭಾಗದ ಇನ್‌ಸ್ಟ್ರಕ್ಟರ್ ಆಗಿದ್ದೆ. ಫೋರ್ಜಿಂಗ್ ಅಂದರೆ ಕಬ್ಬಿಣವನ್ನು ಕಾಸಿ, ಬಡಿದು, ರೂಪ ಕೊಡುವ ಕೆಲಸ. ನಿವೃತ್ತಿಯ ದಿನ ಹಾರ ಹಾಕಿದವರು ನನ್ನ ಕೈಕೆಲಸವನ್ನೂ ಪ್ರಾಮಾಣಿಕತೆಯನ್ನೂ ಹೊಗಳಿದರು. ಕೈಕೆಲಸದ ಮಾತು ಕೇಳಿ ಖುಷಿಯಾಯಿತು. ಪ್ರಾಮಾಣಿಕತೆಯ ಮಾತು ಬಂದಾಗ ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕುಳಿತಿದ್ದೆ. ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಮ್ಮಾರರ ಮನೆತನ ಅಲ್ಲ. ಭಟ್ಕಳದ ನಮ್ಮ ಮನೆಯಲ್ಲಿ ಕಬ್ಬಿಣ ಅಂದರೆ ಬಾವಿಯ ರಾಟೆ ಮತ್ತು ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಅಷ್ಟೇ. ನಾನು ತರಬೇತಿ ಸಂಸ್ಥೆಯಲ್ಲಿ ಕೋರ್ಸು ಮುಗಿಸಿದ್ದೆ. ಇನ್‌ಸ್ಟ್ರಕ್ಟರ್ ಹುದ್ದೆಗೆ ಎರಡು ವರ್ಷದ ಅನುಭವದ ಪತ್ರ ಬೇಕಿತ್ತು. ಹಾಗಾಗಿ ಮಂಜ ಆಚಾರಿಯವರ ಸಾಲೆಗೆ ಹೋದೆ. ಐವತ್ತೈದರ ಆಸುಪಾಸಿನ ಆಚಾರಿ ಕಡಿಮೆ ಮಾತಿನವರು. ನನ್ನ ಸರ್ಟಿಫಿಕೇಟನ್ನು ಎರಡೂ ಕಡೆ ತಿರುಗಿಸಿ ನೋಡಿ, "ಇದ್ರಲ್ಲಿ ಕಬ್ಬಿಣ ಹಿಡಿಯೂಕೆ ಬತ್ತಿಲ್ಲ ಗಣಪ. ಇಕ್ಕಳ ಬೇಕು" ಅಂದರು.

ಇಕ್ಕಳ ಅಂದರೆ ಕೆಂಡದಂತಿರುವ ಕಬ್ಬಿಣವನ್ನು ಕಚ್ಚಿ ಹಿಡಿಯುವ ಉದ್ದ ಕೈಯ ಸಾಧನ. ಆ ಸಾಲೆಯಲ್ಲಿ ಒಂದು ಪದ್ಧತಿ ಇತ್ತು. ಕಲಿಯಲು ಬಂದವನು ತನ್ನ ಸುತ್ತಿಗೆ, ಉಳಿ, ಇಕ್ಕಳವನ್ನು ತಾನೇ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಗಿರಾಕಿಯ ಕಬ್ಬಿಣ ಮುಟ್ಟುವಂತಿಲ್ಲ. ಇಕ್ಕಳ ಮುಗಿದ ಮೇಲೆ ಆಚಾರಿ ಅದನ್ನು ಒಂದು ಇಡೀ ದಿನ ತಮ್ಮ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದರು. ಸಂಜೆ ಏನೂ ಹೇಳದೆ ಗೋಡೆಯ ಮೊಳೆಗೆ ತೂಗುಹಾಕಿದರೆ ಪಾಸು. ಆ ಮೊಳೆ ಅಂದಿನಿಂದ ಅವನದು.

ಸಾಲೆಯಲ್ಲಿದ್ದ ಇನ್ನೊಬ್ಬ ಸುಕ್ರು ಗೌಡ. ನಲವತ್ತು ವರ್ಷದ ಗಟ್ಟಿ ಆಳು. ಹದಿನೆಂಟು ವರ್ಷದಿಂದ ಆಚಾರಿಯ ಎದುರು ನಿಂತು ಚಮ್ಮಟಿಗೆ ಹೊಡೆಯುತ್ತಿದ್ದ. ಚಮ್ಮಟಿಗೆ ಅಂದರೆ ಎರಡೂ ಕೈಯಲ್ಲಿ ಎತ್ತುವ ಭಾರದ ಸುತ್ತಿಗೆ. ಆಚಾರಿ ಎಡಗೈಯಲ್ಲಿ ಇಕ್ಕಳ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಎಲ್ಲಿ ಮುಟ್ಟುತ್ತಾರೋ ಮರುಕ್ಷಣ ಸುಕ್ರು ಗೌಡನ ಪೆಟ್ಟು ಅಲ್ಲೇ ಬೀಳುತ್ತಿತ್ತು. ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲಿನ ಮೇಲೆ ಒಂದು ಅಡಿಕೆ ಇಟ್ಟು, ಚಮ್ಮಟಿಗೆಯನ್ನು ಹೆಗಲ ಮೇಲಿನಿಂದ ಬೀಸಿ ತಂದು, ಅಡಿಕೆ ಒಡೆಯದಂತೆ ಅದರ ನೆತ್ತಿ ಮುಟ್ಟಿಸಿ ನಿಲ್ಲಿಸುತ್ತಿದ್ದ. ಆಮೇಲೆ ಅದೇ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ನಗುತ್ತಿದ್ದ. ಅವನಿಗೆ ಹೊಲ ಇರಲಿಲ್ಲ, ಓದು ಇರಲಿಲ್ಲ. ಇದ್ದ ಹೆಮ್ಮೆಯೆಲ್ಲ ಆ ಪೆಟ್ಟಿನಲ್ಲಿತ್ತು.

ಸುತ್ತಿಗೆ, ಉಳಿ ಹೇಗೋ ಆದವು. ಇಕ್ಕಳ ಆಗಲಿಲ್ಲ. ಆಚಾರಿ ಕೊಟ್ಟ ಸರಳು ಮೆತ್ತನೆಯ ಕಬ್ಬಿಣದ್ದು, ಕೋರ್ಸಿನಲ್ಲಿ ನಾವು ಮೈಲ್ಡ್ ಸ್ಟೀಲ್ ಅನ್ನುತ್ತಿದ್ದದ್ದು. ಮೊದಲ ಇಕ್ಕಳದ ಬಾಯಿ ಭಾರಕ್ಕೆ ಬಾಗಿತು. ಎರಡನೆಯದೂ ಬಾಗಿತು. ನಾನು ಬಾಯಿಯ ಬುಡವನ್ನು ತೆಳ್ಳಗೆ ಬಡಿದಿದ್ದೇ ತಪ್ಪು. ದಪ್ಪ ಉಳಿಸಿದ್ದರೆ ನಿಲ್ಲುತ್ತಿತ್ತು. ಆದರೆ ನಾನು ಕಬ್ಬಿಣವನ್ನು ದೂರಿದೆ. "ಬಾಳೆದಿಂಡಲ್ಲಿ ಮಾಡಿದ್ಯನ ಮಾರಾಯ?" ಅಂತ ಸುಕ್ರು ಗೌಡ ತಮಾಷೆ ಮಾಡಿದ. ಅವನ ಮಾತಿನಲ್ಲಿ ವಿಷ ಇರಲಿಲ್ಲ. ನನಗೆ ಮಾತ್ರ ಉರಿದುಹೋಯಿತು. ಸರ್ಟಿಫಿಕೇಟು ಇದ್ದವನು ನಾನು, ನಗುವವನು ಅವನು.

ಕುಮಟಾದ ಒಂದು ಗ್ಯಾರೇಜಿನಲ್ಲಿ ನನ್ನ ಪರಿಚಯದವನಿದ್ದ. ಅವನಿಂದ ಮುರಿದ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ತಂದೆ. ಆಚಾರಿ ಇಡಗುಂಜಿಗೆ ಹೋಗಿದ್ದ ಒಂದು ದಿನ, ಸುಕ್ರು ಗೌಡನೂ ರಜೆಯಲ್ಲಿದ್ದಾಗ, ಅದರಿಂದ ಮೂರನೆಯ ಇಕ್ಕಳ ಮಾಡಿದೆ. ಬಾಗಿಸಲು ನೋಡಿದೆ, ಬಾಗಲಿಲ್ಲ. ಕಲ್ಲಿನಂತಿತ್ತು. ಅರದಿಂದ ಉಜ್ಜಿ, ಎಣ್ಣೆ ಹಚ್ಚಿ, ಮಸಿ ಹಿಡಿಸಿ, ಹೊರಗಿನಿಂದ ಗುರುತು ಸಿಗದ ಹಾಗೆ ಮಾಡಿದೆ.

ಇಲ್ಲಿ ಒಂದು ವಿಷಯ ವಿವರಿಸಬೇಕು. ಮೆತ್ತನೆಯ ಕಬ್ಬಿಣದಲ್ಲಿ ಕಾರ್ಬನ್ ಬಹಳ ಕಡಿಮೆ. ಅದನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಸ್ಪ್ರಿಂಗಿನ ಉಕ್ಕಿನಲ್ಲಿ ಕಾರ್ಬನ್ ಹೆಚ್ಚು. ಕೆಂಪಗಾದಾಗ ನೀರಿಗೆ ಅದ್ದಿದರೆ ಅದು ಗಡುಸಾಗುತ್ತದೆ. ಗಡುಸಾದದ್ದು ಗಾಜಿನ ಹಾಗೆ ಒಡೆಯುತ್ತದೆ. ಇಕ್ಕಳದ ಬಾಯಿ ದಿನವಿಡೀ ಬೆಂಕಿಯಲ್ಲಿ ಕಾದು ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದಲೇ ಅದು ಮೆತ್ತನೆಯ ಕಬ್ಬಿಣದ್ದೇ ಆಗಿರಬೇಕು. ಕೋರ್ಸಿನ ಪುಸ್ತಕದಲ್ಲಿ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದಿದ್ದೆ. ಹಟದ ಮುಂದೆ ಅದು ತಲೆಯಲ್ಲಿ ಉಳಿಯಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಆಚಾರಿ ನನ್ನ ಇಕ್ಕಳವನ್ನು ಕೈಗೆ ತೆಗೆದುಕೊಂಡರು. ಎರಡು ಸಲ ತೆರೆದು ಮುಚ್ಚಿದರು.

"ನಾ ಕೊಟ್ಟ ಸರಳಿಂದೇ ಮಾಡಿದ್ದನ?"

"ಹೌದು" ಅಂದೆ.

ಆ ದಿನ ಭಟ್ಕಳದ ಮೀನುಗಾರರ ದೋಣಿಗೊಂದು ಲಂಗರಿನ ಕೆಲಸ. ಮಧ್ಯಾಹ್ನದವರೆಗೆ ಇಕ್ಕಳ ಚೆನ್ನಾಗಿಯೇ ನಡೆಯಿತು. ಸುಕ್ರು ಗೌಡ ನನ್ನ ಕಡೆ ನೋಡಿ, "ಈ ಸಲ ಗೆದ್ದೆ" ಅಂದ. ನಾನು ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತ ಉಬ್ಬಿಹೋದೆ. ಸುಮಾರು ಮೂರು ಗಂಟೆಗೆ ಆಚಾರಿ ಲಂಗರಿನ ಕೊಕ್ಕೆಗೆಂದು ಅಂಗೈಯಷ್ಟಗಲದ ತುಂಡನ್ನು ಕಾಸುತ್ತಿದ್ದರು. ಇಕ್ಕಳದ ಬಾಯಿಯೂ ಕೆಂಪೇರಿತ್ತು. ಅದನ್ನು ಒಮ್ಮೆ ನೀರಿಗದ್ದಿ, ಮತ್ತೆ ತುಂಡನ್ನು ಹಿಡಿದು ಅಡಿಗಲ್ಲಿನ ಮೇಲಿಟ್ಟರು. ಸಣ್ಣ ಸುತ್ತಿಗೆ ಮುಟ್ಟಿತು. ಚಮ್ಮಟಿಗೆ ಸರಿಯಾಗಿ ಅಲ್ಲಿಗೇ ಬಂತು. ನಾನು ಕಣ್ಣಾರೆ ನೋಡಿದ್ದೇನೆ. ಇಕ್ಕಳದ ಒಂದು ಬಾಯಿ ಬುಡದಲ್ಲಿ ಪಟ್ಟನೆ ಮುರಿಯಿತು. ಹಿಡಿತ ತಪ್ಪಿದ ಕೆಂಡದಂಥ ಲಂಗರಿನ ತುಂಡು ಹಾರಿ ಸುಕ್ರು ಗೌಡನ ಬಲಗೈಗೆ, ಮಣಿಕಟ್ಟಿನ ಮೇಲೆ ಬಡಿದು ಕೆಳಗೆ ಬಿತ್ತು.

ಅವನು ಕೂಗಲಿಲ್ಲ. ಚಮ್ಮಟಿಗೆಯನ್ನು ಕೆಳಗಿಟ್ಟು, ಕೈ ಹಿಡಿದುಕೊಂಡು ಕೇಳಿದ: "ಪೆಟ್ಟು ತಪ್ಪಿತನ ಆಚಾರ್ರೆ? ಇಕ್ಕಳದ ಮೇಲೆ ಬಿತ್ತನ?"

ಆಚಾರಿ ಅವನ ಕೈಯನ್ನು ನೋಡುತ್ತಿದ್ದರೇ ಹೊರತು ಇಕ್ಕಳವನ್ನಲ್ಲ. "ಬಿತ್ತೋ ಏನೋ. ಈಗ ಅದೆಂತಕ್ಕೆ? ಮೊದ್ಲು ಕೈ ನೀರಿಗೆ ಹಾಕು."

ಇಬ್ಬರೂ ಆಸ್ಪತ್ರೆಗೆ ಹೋದರು. ಕುಲುಮೆ ನೋಡಿಕೊಳ್ಳಲು ನಾನು ಉಳಿದೆ. ಮುರಿದ ತುಂಡನ್ನು ಎತ್ತಿ ನೋಡಿದೆ. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಮೆತ್ತನೆಯ ಕಬ್ಬಿಣವಾಗಿದ್ದರೆ ಚಮ್ಮಟಿಗೆ ನೇರ ಬಿದ್ದಿದ್ದರೂ ಬಾಗುತ್ತಿತ್ತು, ಹೀಗೆ ಮುರಿಯುತ್ತಿರಲಿಲ್ಲ. ಆಚಾರಿ ಒಮ್ಮೆ ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ. ಅನುಭವದ ಪತ್ರ ಹೋಗುತ್ತದೆ, ನೌಕರಿ ಹೋಗುತ್ತದೆ. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ಸುಕ್ರು ಗೌಡನ ಕೈಯ ಬಗ್ಗೆ ಆ ಹೊತ್ತಿನಲ್ಲಿ ಯೋಚಿಸಿದ ನೆನಪು ನನಗಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಇಕ್ಕಳದ ಎರಡೂ ತುಂಡುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ಶರಾವತಿಯ ದಂಡೆಗೆ ಹೋಗಿ, ಆಳ ಇದ್ದ ಕಡೆ ಎಸೆದುಬಂದೆ.

ಸಂಜೆ ಆಚಾರಿ ಬಂದು ಇಕ್ಕಳ ಎಲ್ಲಿ ಅಂದರು.

"ನೆತ್ತರು ಕಂಡ ಹತಾರ ಸಾಲೆಯಲ್ಲಿ ಇರಬಾರದು ಅಂತ ಹೊಳೆಗೆ ಹಾಕಿದೆ" ಅಂದೆ.

ಅವರು ದೈವಭಕ್ತರು. "ಅದೂ ಆತು" ಅಂದರು. ಮರುದಿನದಿಂದ ಅವರು ಕೊಟ್ಟ ಸರಳಿನಲ್ಲೇ, ಬುಡ ದಪ್ಪ ಉಳಿಸಿ, ನಾಲ್ಕನೆಯ ಇಕ್ಕಳ ಮಾಡಿದೆ. ಆರು ದಿನ ಹಿಡಿಯಿತು. ಅದು ಪಾಸಾಗಿ ಮೊಳೆಗೆ ಏರಿತು.

ಸುಕ್ರು ಗೌಡ ಎರಡೂವರೆ ತಿಂಗಳ ನಂತರ ಬಂದ. ಸುಟ್ಟ ಗಾಯ ಮಾಗಿ ಚರ್ಮ ಬಿಳಿಚಿತ್ತು. ಬೆರಳು ಮಡಚುತ್ತಿದ್ದವು, ಬಲವೂ ಇತ್ತು. ಆಚಾರಿ ಚಮ್ಮಟಿಗೆಯ ಕಡೆ ಕೈ ತೋರಿಸಿದರು. ಅವನು ಬಾಗಿಲಲ್ಲೇ ನಿಂತಿದ್ದ.

"ಕೈ ಗುಣ ಆತು ಆಚಾರ್ರೆ. ಪೆಟ್ಟೇ ಹಾದಿ ತಪ್ತು. ಇನ್ನೊಂದು ಸಲ ತಪ್ಪಿ ನಿಮ್ಮ ತಲೆ ಮೇಲೆ ಬಿದ್ರೆ ಎಂತ ಮಾಡೂದು?"

ಆಚಾರಿ ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ತಿದಿಯ ಹತ್ತಿರವೇ ಇದ್ದೆ, ಐದಾರು ಮೊಳ ದೂರದಲ್ಲಿ. ಬಾಯಿ ತೆರೆದು ನಾಲ್ಕು ಮಾತು ಹೇಳಿದ್ದರೆ ಅವನು ಅಂದೇ ಚಮ್ಮಟಿಗೆ ಎತ್ತುತ್ತಿದ್ದ. ನಾನು ತಿದಿ ಒತ್ತಿದೆ. ಅವನು ಹೋದ ಮೇಲೆ ಅವನ ಜಾಗಕ್ಕೆ ನಿಂತವನೂ ನಾನೇ. ಚಮ್ಮಟಿಗೆಯ ಹಿಡಿ ಅವನ ಅಂಗೈಯ ಅಳತೆಗೆ ಸವೆದಿತ್ತು. ಒಂದೂವರೆ ವರ್ಷ ಹಿಡಿದರೂ ಅದು ನನ್ನ ಕೈಗೆ ಕೂರಲಿಲ್ಲ.

1965ರಲ್ಲಿ ಆಚಾರಿಯ ಪತ್ರದ ಬಲದಿಂದ ನೌಕರಿ ಸಿಕ್ಕಿತು. ಇಕ್ಕಳವನ್ನು ಆ ಮೊಳೆಯ ಮೇಲೇ ಬಿಟ್ಟು ಹೋದೆ. ಮೊದಲೆರಡು ವರ್ಷ ನನಗೆ ಉಳಿ, ಸುತ್ತಿಗೆಯ ಪಾಠ. 1967ರ ಬೇಸಿಗೆ ರಜೆಗೆ ಮುಂಚೆ ಮೊದಲ ಸಲ ಇಕ್ಕಳದ ಪಾಠ ಬಂತು. ಹಲಗೆಯ ಮೇಲೆ "ಇಕ್ಕಳಕ್ಕೆ ಮೈಲ್ಡ್ ಸ್ಟೀಲ್ ಮಾತ್ರ" ಎಂದು ಬರೆದು, ಕೆಳಗೆ "ಕಾರಣ" ಎಂದು ಬರೆದೆ. ಮುಂದಕ್ಕೆ ಕೈ ಓಡಲಿಲ್ಲ. ಉತ್ತರ ಗೊತ್ತಿತ್ತು. ಆದರೆ ಆ ಉತ್ತರದಲ್ಲಿ ನನಗೆ ಕಾರ್ಬನ್ ಕಾಣಲಿಲ್ಲ, ಬಾಗಿಲಲ್ಲಿ ನಿಂತ ಸುಕ್ರು ಗೌಡ ಕಂಡ. ಪಾಠವನ್ನು ಅಲ್ಲಿಗೇ ಬಿಟ್ಟೆ. ರಜೆ ಸಿಕ್ಕ ಮರುದಿನ ಹೊನ್ನಾವರದ ಬಸ್ಸು ಹತ್ತಿದೆ.

ಆಚಾರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಗೋಡೆಯಿಂದ ನನ್ನ ಇಕ್ಕಳ ತೆಗೆದು ಹೊಸಿಲ ಆಚೆ ಇಟ್ಟರು.

"ತಕೊಂಡು ಹೋಗು. ನನ್ನ ಹತ್ರ ಹೇಳಿ ಎಂತ ಆತು? ನಾನೂ ಅವತ್ತು ಬಿತ್ತೋ ಏನೋ ಅಂದುಬಿಟ್ಟೆ. ಅವನ ಹತ್ರ ಹೋಗಿ ಹೇಳು."

ಸುಕ್ರು ಗೌಡ ಆಗ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿದ್ದ ಹೆಂಡತಿಯ ತವರಿನಲ್ಲಿದ್ದ. ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವುದು ಅವನ ಕೆಲಸವಾಗಿತ್ತು. ನಾನು ಹೋದಾಗ ಅವನು ಜಗಲಿಯಲ್ಲಿ ಬುಟ್ಟಿ ಸರಿಮಾಡುತ್ತ ಕುಳಿತಿದ್ದ. ಅಂಗಳದಲ್ಲಿ ಹೆಂಡತಿ ನಾಗಿ ಕೊಡಲಿಯಿಂದ ಸೌದೆ ಒಡೆಯುತ್ತಿದ್ದಳು.

"ಬನ್ನಿ ಮಾಸ್ತರ್ರೇ" ಅಂತ ನಕ್ಕ. ನನ್ನ ನೌಕರಿಯ ಸುದ್ದಿ ಅವನಿಗೆ ತಲುಪಿತ್ತು, ಸಂತೋಷವೂ ಆಗಿತ್ತು. ನಾನು ಕುಳಿತುಕೊಳ್ಳದೆ ನಿಂತೇ ಹೇಳಿದೆ. ಸ್ಪ್ರಿಂಗ್ ಪಟ್ಟಿ, ಸುಳ್ಳು, ಹೊಳೆ, ಎಲ್ಲ. ನಾಗಿ ಕೊಡಲಿ ನಿಲ್ಲಿಸಿದಳು.

"ಹಂಗಾರೆ ನನ್ನ ಪೆಟ್ಟು?"

"ಸಮಾ ಬಿದ್ದಿತ್ತು ಗೌಡ್ರೆ. ನಾನೇ ನೋಡಿದ್ದೆ."

"ಇನ್ನೊಂದು ಸಲ ಹೇಳು ಗಣಪ. ಇವ್ಳಿಗೂ ಕೇಳ್ಲಿ."

ಇನ್ನೊಂದು ಸಲ ಹೇಳಿದೆ. ನಾಗಿ ನನ್ನನ್ನೇ ನೋಡುತ್ತಿದ್ದಳು. "ನಾಕು ವರ್ಷ ಆತು ಇವ್ರು ಕೊಡ್ಲಿ ಮುಟ್ಟದೆ" ಅಂದಳು. "ಮಕ್ಕಳು ಹತ್ರ ಬಂದ್ರೆ ಕತ್ತಿನೂ ಕೆಳಗಿಡ್ತ್ರು."

ಸುಕ್ರು ಗೌಡ ಎದ್ದು ಅಂಗಳಕ್ಕಿಳಿದ. ಹೆಂಡತಿಯ ಕೈಯಿಂದ ಕೊಡಲಿ ತೆಗೆದುಕೊಂಡ. ಕಾಲು ಅಗಲ ಮಾಡಿ, ಸಾಲೆಯಲ್ಲಿ ನಿಲ್ಲುತ್ತಿದ್ದ ಹಾಗೇ ನಿಂತು, ಹೆಗಲ ಮೇಲಕ್ಕೆ ಎತ್ತಿದ. ಎತ್ತಿದ ಕೊಡಲಿ ಮೇಲೇ ನಿಂತಿತು. ನಿಧಾನವಾಗಿ ಕೆಳಗಿಳಿಸಿ ಅದನ್ನು ನಾಗಿಯ ಕೈಗೆ ಮರಳಿ ಕೊಟ್ಟ.

"ನೀ ಹೇಳಿದ್ದು ನಾ ನಂಬ್ತೆ ಗಣಪ" ಅಂದ. "ಕೈ ನಂಬೂದಿಲ್ಲ."

ಅದಾದ ಮೇಲೂ ನನಗೆ ಊಟ ಹಾಕಿಯೇ ಕಳಿಸಿದ. ಹೊಳೆಯ ದಂಡೆಯಲ್ಲಿ ನಡೆಯುವಾಗ ಹಿಂದಿನಿಂದ ಸೌದೆ ಒಡೆಯುವ ಸದ್ದು ಕೇಳಿತು. ತಿರುಗಿ ನೋಡಿದೆ. ಒಡೆಯುತ್ತಿದ್ದವಳು ನಾಗಿಯೇ.

ಆ ಜೂನಿನಿಂದ ಹಲಗೆಯ ಮೇಲೆ ಕಾರಣವನ್ನೂ ಬರೆದೆ, ಮೂವತ್ತು ತಂಡಗಳಿಗೆ ಅದನ್ನೇ ಕಲಿಸಿದೆ. ಆದರೆ ಕಾರ್ಬನ್ ಬಗ್ಗೆ ಮಾತ್ರ ಹೇಳಿದೆ, ಉಳಿದದ್ದನ್ನು ಹೇಳುವ ಧೈರ್ಯ ಕೊನೆಯವರೆಗೂ ಬರಲಿಲ್ಲ. ಆ ನಾಲ್ಕನೆಯ ಇಕ್ಕಳ ಈಗಲೂ ನನ್ನ ಹತ್ತಿರ ಇದೆ. ಒಂದು ದಿನವೂ ಗೋಡೆಗೆ ತೂಗುಹಾಕಿಲ್ಲ. ನನ್ನ ಕೈಕೆಳಗೆ ಕಲಿತವರು ಇದನ್ನು ಓದಿದರೆ, ಬಿಟ್ಟುಹೋದ ಪಾಠ ಇದು: ನೀವು ಮಾಡಿದ ಹತಾರ ಮುರಿದರೆ ಅದೇ ಗಳಿಗೆಯಲ್ಲಿ ಹೇಳಿಬಿಡಿ. ನಿಮ್ಮ ಎದುರು ನಿಂತವನು ತನ್ನ ಪೆಟ್ಟೇ ತಪ್ಪಿತು ಅಂದುಕೊಂಡಿರುತ್ತಾನೆ.