ರೈಫಲಿಗೆ ನೈವೇದ್ಯ

ಲಾಸ್ ಗ್ಯಾಟೋಸಿನಲ್ಲಿರುವ ನನ್ನ ಗೆಳೆಯರೊಬ್ಬರ ಹಿತ್ತಲಿನ ಹುಲ್ಲುಹಾಸನ್ನು ಕಾಡುಹಂದಿಗಳು ಮೂರನೇ ಸಲ ಉತ್ತುಹಾಕಿದಾಗ ಅವರು ಯುದ್ಧ ಸಾರಿದರು. ಮೈಸೂರಿನವರು, ಕಣ್ಣಿನ ಡಾಕ್ಟರು. ಅಲ್ಲಿಯವರೆಗೆ ಸೊಳ್ಳೆಯನ್ನೂ ಯೋಚಿಸಿಯೇ ಹೊಡೆಯುತ್ತಿದ್ದವರು.

ಈ ದೇಶದಲ್ಲಿ ಬಂದೂಕು ಕೊಳ್ಳಲು ಒಂದು ಪರೀಕ್ಷೆ, ಬೇಟೆಗೆ ಒಂದು ಕೋರ್ಸು, ಆಮೇಲೆ ಲೈಸೆನ್ಸು, ಹಂದಿಗೆಂದೇ ಬೇರೆ ಪರವಾನಗಿ, ಸೀಸವಿಲ್ಲದ ಗುಂಡು. ಇವರ ಮದುವೆಗೆ ಜಾತಕವೊಂದನ್ನೇ ಕೇಳಿದ್ದರು. ಜೊತೆಗಿರಲೆಂದು ಹೇವರ್ಡ್ ಊರಿನ ಬೇಟೆ ಕೋರ್ಸಿಗೆ ನಾನೂ ಹೋಗಿ ಕೂತೆ. ಗುಂಡು ತುಂಬುವ ಮುನ್ನ ಬಂದೂಕಿನ ನಳಿಗೆಯೊಳಗೆ ಹಿಂದಿನಿಂದ ಇಣುಕಿ ನೋಡಬೇಕು, ಏನಾದರೂ ಸಿಕ್ಕಿಕೊಂಡಿದ್ದರೆ ಹೊಡೆದವನ ಮುಖಕ್ಕೇ ಸಿಡಿಯಬಹುದು ಎಂದು ಮೇಷ್ಟ್ರು ಎರಡು ಸಲ ಹೇಳಿದರು. ನಾನು ಬರೆದುಕೊಂಡೆ.

ಅಂಗಡಿಯಲ್ಲಿ ಡಾಕ್ಟರು ಆನೆಯನ್ನು ಉರುಳಿಸುವಂಥದ್ದನ್ನೇ ಎತ್ತಿಕೊಂಡರು. ಅಂಗಡಿಯವನು ಅವರ ಭುಜವನ್ನು ಕನಿಕರದಿಂದ ನೋಡಿ, ಹಂದಿಗೆ ಸಾಕೆಂದು .308 ಅಳತೆಯ ರೈಫಲನ್ನು ಆರಿಸಿಕೊಟ್ಟ. ಅದು ಕೈಗೆ ಬರಲು ಹತ್ತು ದಿನ ಕಾಯಬೇಕಿತ್ತು.

"ಸೂತಕದ ಲೆಕ್ಕ ಆಯ್ತಲ್ರೀ," ಎಂದೆ.

ರೈಫಲು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು ಬೇಸತ್ತಿದ್ದ ಡಾಕ್ಟರ ತಾಯಿಗೆ ಕೊನೆಗೂ ನಿಜವಾದ ಆಯುಧ ಸಿಕ್ಕಿತ್ತು. ಪೂಜೆ ನನ್ನ ಪಾಲಿಗೆ ಬಂತು.

"ಅದರ ಬಾಯಿಗೂ ಒಂದ್ಚೂರು ಬೆಲ್ಲ ಇಡಪ್ಪ. ಮೊದಲನೇ ಸಲ ಹೊರಡ್ತಿದೆ," ಎಂದರು ಆಕೆ.

ಇಟ್ಟೆ. ಹೊರಗೆ ಕಂಡರೆ ಇರುವೆ ಮುತ್ತುತ್ತವೆಂದು ಊದುಬತ್ತಿಯ ಕಡ್ಡಿಯಿಂದ ಒಳಕ್ಕೂ ತಳ್ಳಿದೆ. ಅಚ್ಚುಕಟ್ಟು ನನ್ನ ಹುಟ್ಟುಗುಣ. ಆಮೇಲೆ ಮರೆತೆ.

ಎರಡು ದಿನ ಕಳೆದು, ಬೇಟೆಗೆ ಅನುಮತಿ ಕೊಟ್ಟಿದ್ದ ಒಬ್ಬರ ದನ ಮೇಯಿಸುವ ರ‍್ಯಾಂಚಿನ ಒಣಹುಲ್ಲಿನಲ್ಲಿ ಬೆಳಿಗ್ಗೆಯೇ ಇಬ್ಬರೂ ಬೋರಲು ಮಲಗಿದೆವು. ಡಾಕ್ಟರು ಗುಂಡು ತುಂಬಿದರು.

"ನಳಿಗೆ ಒಳಗೆ ನೋಡಿದ್ರಾ?" ಎಂದೆ.

"ಪೂಜೆ ಆಗಿರೋ ಹೊಸ ಗನ್ನು, ಏನ್ರೀ ನೋಡೋದು? ಸುಮ್ನಿರಿ, ಹಂದಿಗೆ ಕೇಳ್ಸುತ್ತೆ."

ಒಂದು ಗಂಟೆ ಕಾದೆವು. ಹಕ್ಕಿಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ತಗ್ಗಿನಲ್ಲಿ ಕಪ್ಪಗೆ ಏನೋ ಕದಲಿತು. ಡಾಕ್ಟರು ಕೆನ್ನೆಯನ್ನು ರೈಫಲಿಗೆ ಒತ್ತಿದರು. ಆಗ ನಾನು ಕಂಡದ್ದು ಹಂದಿಯನ್ನಲ್ಲ. ಹುಲ್ಲಿನಿಂದ ಹೊರಟ ಇರುವೆಗಳ ಸಾಲೊಂದು ನಳಿಗೆಯ ತುದಿಗೆ ಬಂದು, ಶಿಸ್ತಾಗಿ ಒಳಗೆ ಹೋಗುತ್ತಿತ್ತು.

"ಹೊಡೀಬೇಡಿ!"

ಹಂದಿ ಓಡಿತು.

"ನಿಮ್ಮನ್ನ ಕರ್ಕೊಂಡ್ ಬಂದ್ನಲ್ಲ, ನನಗೆ ಬುದ್ಧಿ ಇಲ್ಲ!"

ಇರುವೆಗಳನ್ನು ತೋರಿಸಿದೆ. ಅವರು ಗುಂಡು ತೆಗೆದು ಜೇಬಿಗಿಟ್ಟು, ಹಿಂಬದಿಯ ಬೋಲ್ಟನ್ನು ಹೊರಗೆಳೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ಇಣುಕಿದರು. ಬೆಳಕಿನ ಚುಕ್ಕೆಯೂ ಇರಲಿಲ್ಲ. ದಿನವಿಡೀ ಊರವರ ಕಣ್ಣು ನೋಡುವವರು ಆ ಕತ್ತಲನ್ನು ಬಹಳ ಹೊತ್ತು ನೋಡಿದರು.

"ಯಾರು ಇಟ್ಟಿದ್ದು?"

"ನಾನೇ."

ಅವರು ಕಾರಿನವರೆಗೆ ನನ್ನನ್ನು ಮುಂದೆ ನಡೆಯಬಿಟ್ಟು, ರೈಫಲು ಹಿಡಿದು ಹಿಂದೆ ಬಂದರು. ಗುಂಡು ಅವರ ಜೇಬಿನಲ್ಲಿದೆಯೆಂದು ಗೊತ್ತಿದ್ದರೂ ನಾನು ತಿರುಗಿ ನೋಡಲಿಲ್ಲ.