ಹಲಗೆಯ ಮೇಲಿನ ಅಡ್ಡ ತೂತು

ಪೊಲೀಸ್ ಕೆಲಸದಲ್ಲಿದ್ದೆ ಅಂದರೆ ಕಳ್ಳರ ಹಿಂದೆ ಓಡಿದ ಕಥೆ ಹೇಳು ಅನ್ನುತ್ತಾರೆ. ನಾನು ಓಡಿದವನಲ್ಲ, ತಿಕ್ಕಿದವನು. ಬಂದೂಕು ಇಡುವ ಕೋಣೆಗೆ ನಮ್ಮಲ್ಲಿ ಕೋತ್ ಅನ್ನುತ್ತಿದ್ದರು. ಅದರ ಹೊರಗಿನ ಕಲ್ಲುಮೆಟ್ಟಿಲ ಮೇಲೆ ಕುಳಿತು ಹಳೆಯ ತ್ರೀ ನಾಟ್ ತ್ರೀ ರೈಫಲ್ಲುಗಳನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಹಗ್ಗದ ತುದಿಗೆ ಎಣ್ಣೆಬಟ್ಟೆ ಕಟ್ಟಿ ನಳಿಗೆಯೊಳಗಿಂದ ಎಳೆಯುವುದು ನನ್ನ ಕೆಲಸ. ಯಾವ ಯಾವ ಯುದ್ಧ ಮುಗಿಸಿ ನಮ್ಮ ಪಾಲಿಗೆ ಬಂದಿದ್ದವೋ, ಎಲ್ಲ ನನಗಿಂತ ಹಿರಿಯ ಬಂದೂಕುಗಳು. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಪಳಪಳ ಹೊಳೆಯಬೇಕು. ಹೊಳೆಯುತ್ತಿದ್ದವು. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಯಾರೂ ನನ್ನನ್ನು ಬೈದದ್ದಿಲ್ಲ, ಆ ಜಂಬ ನನಗೆ ಬೇಕಾದಷ್ಟಿತ್ತು.

ಆ ಹಗ್ಗವನ್ನು ನೇರ ಮೇಲಕ್ಕೆ ಎಳೆಯಬೇಕು, ಅದಕ್ಕೆ ಎದ್ದು ನಿಲ್ಲಬೇಕು. ನನಗೆ ಸೊಂಟನೋವು. ಕುಳಿತೇ ಎದೆಯ ಕಡೆಗೆ ಓರೆಯಾಗಿ ಎಳೆಯುತ್ತಿದ್ದೆ. ಎಳೆದಾಗಲೆಲ್ಲ ಹಗ್ಗ ನಳಿಗೆಯ ಬಾಯಿಯ ಅಂಚಿಗೆ ಉಜ್ಜುತ್ತಿತ್ತು. ಹಗ್ಗ ನೆಲಕ್ಕೆ ಬಿದ್ದು ಕೆಮ್ಮಣ್ಣು ಮೆತ್ತಿಕೊಂಡಿದ್ದರೆ ಹಾಗೇ ಒಂದು ಸಲ ಕೊಡವಿ ಮತ್ತೆ ಇಳಿಬಿಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ನನ್ನ ಅಕ್ಕನ ಗಂಡ ಅದೇ ಪಡೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದರು. ಮತ್ತೋಡಿನ ಕಡೆಯ ಕುರಿ ಕಾಯುವ ಮನೆಯವರು, ಮನೆ ಮಾಡಿದ್ದು ಹೊಳಲ್ಕೆರೆಯಲ್ಲಿ. ಭಾವನಿಗೆ ಒಂದೇ ಆಸೆ, ರಿಟೈರ್ ಆಗುವುದರೊಳಗೆ ಹೆಡ್ ಕಾನ್‌ಸ್ಟೇಬಲ್ ಆಗಬೇಕು. ಅದಕ್ಕೆ ಫೈರಿಂಗ್ ಪರೀಕ್ಷೆ ಪಾಸಾಗಬೇಕು. ಎರಡು ವರ್ಷ ಸತತ ಫೇಲಾದರು. ವಯಸ್ಸಿನ ಲೆಕ್ಕದಲ್ಲಿ ಮೂರನೆಯದೇ ಕೊನೆಯ ಅವಕಾಶ.

ಎರಡನೇ ಸಲ ಫೇಲಾದ ಮೇಲೆ ಅವರ ತಲೆಯಲ್ಲಿ ಕಣ್ಣು ಹೋಯಿತು ಅನ್ನುವುದು ಕೂತುಬಿಟ್ಟಿತು. ಚಿತ್ರದುರ್ಗದ ಕಣ್ಣಿನ ಡಾಕ್ಟರು ದೂರದ ನೋಟ ಸರಿಯಾಗಿದೆ ಎಂದರೂ ನಂಬಲಿಲ್ಲ. ಬೈಕಿನ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟು ಬಸ್ಸಿಗೆ ಓಡಾಡತೊಡಗಿದರು.

"ಅಷ್ಟು ದೊಡ್ಡ ಹಲಗೆ ಕಣಯ್ಯ, ಅದಕ್ಕೇ ತಾಗ್ತಿಲ್ಲ ಅಂದ್ರೆ ಇನ್ನೇನೈತೆ ಹೇಳು?" ಅನ್ನುತ್ತಿದ್ದರು.

"ಸುಮ್ನಿರ್ರಿ ಭಾವ, ನಿಮ್ ರೈಫಲ್ ನಾನೇ ರೆಡಿ ಮಾಡ್ತೀನಿ. ಈ ಸಲ ಹೆಂಗೆ ತಾಗಲ್ಲ ನೋಡಾಣ," ಅಂದೆ.

ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಂಬರಿನ ರೈಫಲ್ಲು. ಭಾವನ ರೈಫಲ್ಲನ್ನು ನಾನು ಬೇರೆಯವರದಕ್ಕಿಂತ ಹೆಚ್ಚು ತಿಕ್ಕಿದೆ. ಬಟ್ಟೆ ಸಾಲದೆಂದು ತಂತಿಯ ಜಾಲಿ ಸುತ್ತಿ ಎಳೆದೆ. ಪ್ರೀತಿಯಿಂದಲೇ ಮಾಡಿದೆ, ಅದನ್ನು ಈಗ ಯಾರ ಮುಂದೆ ಹೇಳಿಕೊಳ್ಳಲಿ.

ಪರೀಕ್ಷೆಯ ದಿನ ಬೆಳಿಗ್ಗೆ ಚಿತ್ರದುರ್ಗದ ಆಚೆ ಗುಡ್ಡದ ಬುಡದ ಫೈರಿಂಗ್ ಮೈದಾನಕ್ಕೆ ಹೋದೆವು. ನನ್ನನ್ನು ಗುರಿಹಲಗೆಗಳ ಕೆಳಗಿನ ಕಂದಕಕ್ಕೆ ಹಾಕಿದ್ದರು. ಒಂದೊಂದು ಗುಂಡು ಬಂದ ಮೇಲೂ ಹಲಗೆ ಇಳಿಸಿ, ತೂತು ನೋಡಿ, ಕಾಗದದ ಚೂರಿಗೆ ಅಂಟು ಬಳಿದು ಮುಚ್ಚಿ, ಮತ್ತೆ ಏರಿಸಬೇಕು. ಎಡವಟ್ಟಾದರೆ ನಿಲ್ಲಿಸಲು ಪಕ್ಕದಲ್ಲೇ ಒಂದು ಕೆಂಪು ಬಾವುಟ. ಭಾವನ ಹಲಗೆ ನನ್ನ ಪಾಲಿಗೇ ಬಂತು. ಹತ್ತು ಗುಂಡು, ಆರಾದರೂ ತಾಗಬೇಕು.

ಮೊದಲನೆಯದು ಹಲಗೆಗೆ ಬರಲೇ ಇಲ್ಲ. ಎರಡನೆಯದು ಮೂಲೆಗೆ ಬಿತ್ತು. ಹಲಗೆ ಇಳಿಸಿ ನೋಡಿದೆ. ತೂತು ದುಂಡಗಿರಲಿಲ್ಲ. ಗುಂಡು ಮಲಗಿಕೊಂಡು ತೂರಿದಂತೆ ಉದ್ದಕ್ಕೆ ಹರಿದಿತ್ತು, ಗುಂಡಿನ ಪೂರ್ತಿ ಆಕಾರ ಕಾಗದದ ಮೇಲೆ ಮೂಡಿತ್ತು.

ಆ ತೂತಿನ ಅರ್ಥ ಗೊತ್ತಿಲ್ಲದಷ್ಟು ದಡ್ಡ ನಾನಲ್ಲ. ನಳಿಗೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ಆ ಗೆರೆಗಳಿಗಿಂತ ಕೂದಲೆಳೆಯಷ್ಟು ದಪ್ಪವಿದ್ದು, ಅವಕ್ಕೆ ಕಚ್ಚಿಕೊಂಡು ಬುಗುರಿಯ ಹಾಗೆ ತಿರುಗುತ್ತಾ ಹೊರಬಿದ್ದರೆ ಮಾತ್ರ ನೆಟ್ಟಗೆ ಹೋಗುತ್ತದೆ. ನಳಿಗೆ ಸವೆದು ಅಗಲವಾದರೆ ಗುಂಡಿಗೆ ಹಿಡಿತವಿಲ್ಲ, ಹೊರಗೆ ಬಂದದ್ದೇ ಪಲ್ಟಿ ಹೊಡೆಯುತ್ತದೆ. ಭಾವನ ಕಣ್ಣಿಗೆ ಏನೂ ಆಗಿರಲಿಲ್ಲ. ಓರೆಯಾಗಿ ಹಗ್ಗ ಎಳೆದೆಳೆದು ನಳಿಗೆ ಸವೆಸಿ, ಎರಡು ವರ್ಷದಿಂದ ಅವರನ್ನು ಫೇಲು ಮಾಡುತ್ತಿದ್ದವನು ನಾನು.

ಬಾವುಟ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ರೈಫಲ್ಲು ಕೆಟ್ಟಿದೆ ಎಂದರೆ ಬೇರೆ ರೈಫಲ್ಲು ಕೊಟ್ಟು ಮತ್ತೆ ಹತ್ತು ಗುಂಡು ಹೊಡೆಯಲು ಬಿಡುತ್ತಾರೆ, ಅದು ನಿಯಮ. ಆದರೆ ಕೆಡಿಸಿದ್ದು ಯಾರು ಅನ್ನುವ ಪ್ರಶ್ನೆ ಬರುತ್ತದೆ. ವಿಚಾರಣೆ, ಮೆಮೋ, ಸರ್ವೀಸ್ ಪುಸ್ತಕದಲ್ಲಿ ಕೆಂಪು ಶಾಯಿ. ನನಗೆ ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಹೆದರಿದೆ. ಬೇರೆ ಮಾತಿಲ್ಲ, ಹೆದರಿಬಿಟ್ಟೆ. ಅಂಟು ಬಳಿದು ಆ ತೂತನ್ನು ಮುಚ್ಚಿ ಹಲಗೆ ಏರಿಸಿದೆ.

ಮೂರು, ಇಲ್ಲ. ನಾಲ್ಕು, ಇಲ್ಲ. ಐದನೆಯದು ಮತ್ತೆ ಅಡ್ಡ ತೂತು, ಅದನ್ನೂ ಮುಚ್ಚಿದೆ. ಅಂಟು ಬೆರಳಿಗೆಲ್ಲ ಮೆತ್ತಿಕೊಂಡು ಕಾಗದ ಹರಿಯುತ್ತಿತ್ತು. ಉಳಿದವಾದರೂ ತಾಗಲಿ, ಹೇಗೋ ಆರಾಗಲಿ ಎಂದು ಮನೆದೇವರಿಗೆ ಹರಕೆ ಹೊತ್ತೆ. ಆರು ಇಲ್ಲ, ಏಳು ಇಲ್ಲ. ಎಂಟನೆಯ ಗುಂಡು ಹಲಗೆಯ ಮುಂದಿನ ಮಣ್ಣಿಗೆ ಬಡಿದು ನನ್ನ ತಲೆಯ ಮೇಲೆ ಧೂಳು ಸುರಿಯಿತು. ಆಗ ಬಾವುಟ ಎತ್ತಿದೆ.

ಸಾಹೇಬರು, ಅವರ ಹಿಂದೆ ಬಂದೂಕು ರಿಪೇರಿಯ ಆರ್ಮರರ್, ಇಬ್ಬರೂ ಭಾವನ ಹತ್ತಿರ ನಿಂತಿದ್ದರು. ನಾನು ಓಡಿಹೋಗಿ ಅಡ್ಡ ತೂತಿನ ವಿಷಯ ಹೇಳಿದೆ. ಆರ್ಮರರ್ ಒಂದು ತೋಟಾ ತೆಗೆದು ಅದರ ಗುಂಡಿನ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟ. ಚೆನ್ನಾಗಿರುವ ನಳಿಗೆಯಲ್ಲಿ ಮೂತಿ ಸ್ವಲ್ಪ ಹೋಗಿ ನಿಂತುಬಿಡಬೇಕು. ಇದರಲ್ಲಿ ಗುಂಡು ಇಡಿಯಾಗಿ ಒಳಗಿಳಿದು, ತೋಟಾದ ಹಿತ್ತಾಳೆಯ ಅಂಚು ಬಾಯಿಗೆ ಟಕ್ಕೆಂದು ತಾಗಿತು.

"ಯಾರ್ರೀ ಇದನ್ನ ಎಳೆದೋರು? ಬಾಯಾಗೆ ಹಗ್ಗದ ಗಾಯ ಐತಲ್ರಿ," ಎಂದ ಆರ್ಮರರ್.

"ನಾನೇ," ಅಂದೆ.

ಸಾಹೇಬರು ನನ್ನತ್ತ ನೋಡಿದ ನೋಟ ಹೇಳುವುದೇ ಬೇಡ. "ನಿನ್ನನ್ನ ಆಮೇಲೆ ವಿಚಾರಿಸ್ಕೊಳ್ತೀನಿ," ಎಂದು, ಭಾವನಿಗೆ ಬೇರೆ ರೈಫಲ್ಲು ಕೊಡಿಸಿದರು. ನನ್ನ ಎದೆಯ ಭಾರ ಇಳಿದಂತಾಯಿತು. ಒಳ್ಳೆಯ ರೈಫಲ್ಲು, ಹೊಸ ಹತ್ತು ಗುಂಡು. ಇನ್ನೇನು ಬೇಕು ಅಂದುಕೊಂಡೆ.

ಭಾವ ಮಲಗಿ ರೈಫಲ್ಲನ್ನು ಹೆಗಲಿಗೆ ಒತ್ತಿದರು. ನಳಿಗೆಯ ತುದಿ ಅಲ್ಲಾಡುತ್ತಿತ್ತು. ಎದ್ದು ಕುಳಿತು ಎರಡೂ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಂಡರು, ಮತ್ತೆ ಮಲಗಿದರು. ತುದಿ ಇನ್ನೂ ಅಲ್ಲಾಡುತ್ತಿತ್ತು. ಹತ್ತರಲ್ಲಿ ನಾಲ್ಕು ತಾಗಿದವು. ಕಂದಕದಲ್ಲಿ ನನ್ನ ಬದಲು ನಿಂತವನು ಹೇಳಿದ, ನಾಲ್ಕೂ ದುಂಡನೆಯ, ಅಚ್ಚುಕಟ್ಟಾದ ತೂತುಗಳು.

ಹೊಳಲ್ಕೆರೆಯ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತೆವು. ಅವರನ್ನು ಒಂಟಿಯಾಗಿ ಕಳಿಸಲು ನನಗೆ ಧೈರ್ಯವಿರಲಿಲ್ಲ. ಭೀಮಸಮುದ್ರದ ಕಡೆಯ ಅಡಿಕೆ ಮೂಟೆಯ ಟ್ರ್ಯಾಕ್ಟರೊಂದು ಅಡ್ಡ ಬಂದು ಬಸ್ಸು ನಿಂತಾಗ ಭಾವ ಬಾಯಿ ಬಿಟ್ಟರು.

"ನಿನಗೆ ಯಾವ ಗುಂಡಿಗೆ ಗೊತ್ತಾತಯ್ಯ?"

ಎಂಟನೆಯದಕ್ಕೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಎರಡನೇದಕ್ಕೆ," ಅಂದೆ.

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಿಟಕಿಯ ಆಚೆ ನೋಡುತ್ತಾ ಮೆಲ್ಲಗೆ ಹೇಳಿದರು:

"ಕೈ ನಡುಗಾಕೆ ಶುರುವಾಗಿದ್ದು ಆರನೇದಕ್ಕೆ ಕಣಯ್ಯ. ಎರಡನೇದಕ್ಕೇ ನಿಲ್ಲಿಸಿದ್ರೆ ಹೊಡೀತಿದ್ದೆ."

ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಮ್ಮಿಬ್ಬರ ಮುಖವನ್ನೂ ನೋಡಿ, "ಏನಾತ್ರಿ?" ಎಂದು ಕೇಳಿದಳು.

"ಕಣ್ಣು ಸರಿಯಾಗೇ ಐತಂತೆ ಕಣೇ, ಕೈ ಹೋಗೈತೆ," ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ, "ಬಾರಯ್ಯ, ಒಳಗೆ ಕುಂತ್ಕ, ಉಂಡು ಹೋಗುವಂತೆ," ಎಂದು ಕರೆದರು.